ರೇಂಜ್ ಬಾರದ ಗೋಡೆ

ಗಜೇಂದ್ರಗಡದ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ಲಾಡ್ಜ್ ಇದೆ. ಮಾವ ಕಟ್ಟಿಸಿದ್ದು. ಈಗ ನಾನೂ ನನ್ನ ಗಂಡನೂ ನಡೆಸುತ್ತೇವೆ. ಅತ್ತೆ ಕೆಳಗಿನ ಮನೆಯಲ್ಲಿ ನಮ್ಮ ಜೊತೆ ಇರುತ್ತಾರೆ. ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಲಸಕ್ಕೆ ಬರುವವರು ತಿಂಗಳುಗಟ್ಟಲೆ ಉಳಿಯುತ್ತಾರೆ. ವೈಫೈ ಇಲ್ಲವೆಂದು ಅವರಲ್ಲಿ ಕೆಲವರು ಬೇರೆ ಕಡೆ ಹೋದ ಮೇಲೆ, ಎಲ್ಲ ಕೋಣೆಗಳಿಗೂ ಹಾಕಿಸಿಬಿಡೋಣ ಎಂದು ತೀರ್ಮಾನಿಸಿದೆವು.

ಹಾಕಲು ಬಂದವರು ರೋಣದ ಕಡೆಯ ಒಬ್ಬ ನಡುವಯಸ್ಸಿನ ಗೃಹಸ್ಥರು. ಅವತ್ತು ನನ್ನ ಗಂಡ ನರಗುಂದಕ್ಕೆ ನೆಂಟರ ಮನೆಗೆ ಹೋಗಿದ್ದರು. ವೈಫೈ ಡಬ್ಬಿಯನ್ನು ಕೆಳಗೆ ಕೌಂಟರಿನ ಮೇಲಿನ ಗೋಡೆಗೆ ಕೂರಿಸಿ, ಅವರು ನನ್ನನ್ನು ಮೇಲಿನ ಐದನೇ ಕೋಣೆಗೆ ಕಳಿಸಿದರು. ಅಲ್ಲಿಂದ ವಾಟ್ಸಪ್‌ನಲ್ಲಿ ಫೋನ್ ಮಾಡಬೇಕು, ಮಾತು ಹೇಗೆ ಕೇಳುತ್ತದೆ ಎಂದು ಅವರು ನೋಡುತ್ತಾರೆ.

ಊಟದ ಹೊತ್ತು ಮುಗಿದಿತ್ತು. ಬಾಡಿಗೆಯವರೆಲ್ಲ ಕೆಲಸಕ್ಕೆ ಹೋಗಿದ್ದರಿಂದ ಮೇಲಿನ ಅಂತಸ್ತು ಪೂರ್ತಿ ಖಾಲಿ. ನಾನು ಫೋನ್ ಮಾಡಿ, “ಕೇಳಸ್ತೈತೇನ್ರಿ?” ಎಂದೆ.

“ಕೇಳಸ್ತೈತಿ. ಯಾವ ಹೊಳೀರಿ ಅಕ್ಕಾರ?”

“ಏನಂದ್ರಿ?”

“ನೀವ ಕೇಳಿದ್ರಲ್ಲ, ಹೊಳಿ ಇಳೀತೇನ್ರಿ ಅಂತ.”

ಹೊಳೆಯ ನೀರು ಇಳಿಯಿತೇ ಎಂದು ನಾನು ಕೇಳಿರಲಿಲ್ಲ. ನಮ್ಮ ಊರಿನಲ್ಲಿ ಹೊಳೆಯೂ ಇಲ್ಲ. ಯಾರದೋ ಲೈನು ನಡುವೆ ಸೇರಿರಬೇಕು ಎಂದು ನಕ್ಕು ಅವರೇ ಮೇಲೆ ಬಂದರು. ನಾನು ಕೆಳಗೆ ಹೋಗಿ ಡಬ್ಬಿಯ ಹತ್ತಿರ ನಿಂತು, ಅವರು ಮೇಲಿನಿಂದ ಮಾಡಿದ ಫೋನ್ ಎತ್ತಿಕೊಂಡೆ. ಅವರು “ಹಲೋ, ಹಲೋ” ಎನ್ನುತ್ತಿದ್ದರು. ಆ ಎರಡು ಹಲೋಗಳ ನಡುವೆ ಒಬ್ಬ ಹೆಂಗಸು, ಬಸ್ಸಿನ ಹೊತ್ತು ವಿಚಾರಿಸುವಷ್ಟು ಸಾವಧಾನವಾಗಿ, ಕೇಳಿದಳು: “ಹೊಳಿ ಇಳೀತೇನ್ರಿ?”

ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ. ಅವರು ಇಳಿದು ಬಂದು ನನ್ನ ಮುಖ ನೋಡಿದರು. ಇಟ್ಟ ಚಹಾ ಕುಡಿಯಲಿಲ್ಲ. “ನಾಕಕ್ಕ ಐದಕ್ಕ ನಡುವಿನ ಗೋಡಿ ಭಾಳ ದಪ್ಪ ಐತ್ರಿ. ಅದ ರೇಂಜ್ ತಡೀತೈತಿ. ತೂತು ಹಾಕಿ ವೈರ್ ಎಳದು ಅಲ್ಲೊಂದು ಡಬ್ಬಿ ಕೂಡಸ್ತೀನಿ” ಎಂದಷ್ಟೇ ಹೇಳಿ ಡ್ರಿಲ್ ಎತ್ತಿಕೊಂಡರು. ಒಬ್ಬರೇ ಹೋಗಲು ಮನಸ್ಸಿಲ್ಲದವರಂತೆ ಮೆಟ್ಟಿಲ ಬಳಿ ನಿಂತಿದ್ದರಿಂದ ನಾನೂ ಜೊತೆಗೆ ಹೋದೆ.

ಕೋಣೆಗಳ ಮುಂದಿನ ಪಡಸಾಲೆಯ ಆ ಗೋಡೆ ನನಗೆ ಹೊಸದಲ್ಲ. ಮದುವೆಯಾಗಿ ಬಂದಾಗಿನಿಂದ ಅದರ ಧೂಳು ಒರೆಸಿದ್ದೇನೆ, ಪ್ರತಿ ವರ್ಷ ಅದಕ್ಕೇ ಕ್ಯಾಲೆಂಡರ್ ತೂಗುಹಾಕಿದ್ದೇನೆ. ಎರಡು ಬಾಗಿಲುಗಳ ನಡುವೆ ಅಷ್ಟೊಂದು ಗೋಡೆ ಯಾಕೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಡ್ರಿಲ್ ಸ್ವಲ್ಪ ಹೊತ್ತು ಕೊರೆದು, ಇದ್ದಕ್ಕಿದ್ದಂತೆ ಹಿಡಿಯವರೆಗೂ ಒಳಗೆ ಜಾರಿತು. ಅವರು ಅದನ್ನು ಹೊರಗೆಳೆದರು. ತೂತಿನಿಂದ ತಣ್ಣನೆಯ ಗಾಳಿ ನನ್ನ ಕೈಗೆ ತಾಗಿತು. ಒದ್ದೆ ಸೀರೆಯನ್ನು ಒಳಗೇ ಒಣಗಿಸಿದಾಗ ಬರುತ್ತದಲ್ಲ, ಆ ವಾಸನೆ ಅದರಲ್ಲಿತ್ತು.

“ಒಳಗ ಖೋಲಿ ಐತಿ” ಎಂದರು ಅವರು, ಪಿಸುದನಿಯಲ್ಲಿ.

ನಾನು ಕೆಳಗೆ ಹೋದೆ. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, “ಎಲ್ಲಿ ಕೊರಿಯಾಕತ್ತಾನ ಅಂವಾ?” ಎಂದು ಕೇಳಿದರು. ಗೋಡೆಯ ವಿಷಯ ಹೇಳಿದೆ. ಫೋನಿನಲ್ಲಿ ಕೇಳಿಸಿದ ಮಾತನ್ನೂ ಹೇಳಿದೆ. ಅವರ ಕೈ ಮೊರದ ಮೇಲೆಯೇ ನಿಂತಿತು.

“ಹೊಳೆಮಣ್ಣೂರಾಕಿ ಅಕಿ” ಎಂದರು ಕೊನೆಗೆ. “ನೀ ಇನ್ನ ಸೊಸಿಯಾಗಿ ಬಂದಿದ್ದಿಲ್ಲ. ನಿನ್ನ ಗಂಡ ಧಾರವಾಡದಾಗ ಓದತಿದ್ದ. ಮಲಪ್ರಭಾ ಹೊಳಿ ಊರಾಗ ಹೊಕ್ಕಾಗ ಅಕಿ ಒಂದ ಗಂಟು ಹಿಡಕೊಂಡು ಇಲ್ಲಿಗೆ ಬಂದ್ಲು. ಅಕಿ ಗಂಡ ಎತ್ತು ಬಿಚ್ಚಾಕಂತ ತಿರುಗಿ ಹೋಗಿದ್ದ. ನಡುವಿನ ಖೋಲಿ ಕೊಟ್ವಿ. ಬಸ್ಸಿನಿಂದ ಯಾರ ಇಳದ ಬಂದ್ರೂ ಅದೊಂದ ಮಾತು ಕೇಳಾಕಿ. ಜ್ವರ ಬಂತು. ದವಾಖಾನಿಗೆ ಹೋಗೂಣು ಅಂದ್ರ, ಅಂವಾ ಬಂದ್ರ ನಾ ಇಲ್ಲಿ ಇರಬೇಕಲ್ಲ ಅಂದ್ಲು. ಅಲ್ಲೇ ತೀರಿ ಹೋದ್ಲು. ಮರುದಿನ ಅಕಿ ಗಂಡ ಬಂದ.”

“ಗೋಡಿ ಯಾಕ ಕಟ್ಟಿಸಿದ್ರಿ, ಅತ್ತಿ?”

“ಆ ಖೋಲ್ಯಾಗ ಇದ್ದವ್ರು ಯಾರೂ ನಿಂದ್ರಲಿಲ್ಲ. ಮಂಚದ ಬಾಜೂ ಯಾರೋ ಕುಂತು ಅದನ್ನ ಕೇಳತಾರ ಅಂತಿದ್ರು. ನಿಮ್ಮ ಮಾವ ಬಾಗಲಾ ಮುಚ್ಚಿಸಿ ಖೋಲಿ ನಂಬರ್ ಬದಲಿ ಮಾಡಿದ್ರು. ಖೋಲಿ ಸೋರತೈತಿ, ಅದಕ್ಕ ಮುಚ್ಚಿಸೀನಿ ಅಂತ ಮಗಗೂ ಸುಳ್ಳ ಹೇಳಿದ್ರು.”

ನನಗೆ ಅಳು ಬಂತೋ ಹೆದರಿಕೆಯಾಯಿತೋ ಈಗಲೂ ಬಿಡಿಸಿ ಹೇಳಲಾರೆ. ಆ ಗೋಡೆಯ ಕೆಳಗಿನ ಬೆಂಚಿನ ಮೇಲೆ ಕೂತು ಎಷ್ಟೋ ಮಧ್ಯಾಹ್ನ ನಾನು ಬೆನ್ನು ಆನಿಸಿ ತೂಕಡಿಸಿದ್ದೆ. ಗೋಡೆ ತೆಗೆಸೋಣವೇ ಎಂದು ಕೇಳಿದೆ. ಅತ್ತೆ ಮೊರವನ್ನು ಬದಿಗಿಟ್ಟು, “ತಗಸು” ಎಂದರು.

ಸೋರುತ್ತಿದ್ದ ಕೋಣೆ ಎಂದಷ್ಟೇ ತಿಳಿದಿದ್ದ ನನ್ನ ಗಂಡ ಸಂಜೆ ಬಂದಾಗ ಮೊದಲು ನಂಬಲಿಲ್ಲ. ಆಮೇಲೆ ಮೇಲೆ ಹೋಗಿ ತೂತಿಗೆ ಅಂಗೈ ಇಟ್ಟು ನೋಡಿ, ಇಳಿದು ಬಂದು ಗೌಂಡಿಗೆ ಫೋನ್ ಮಾಡಿದರು. ಮರುದಿನ ಬೆಳಿಗ್ಗೆ ಗೌಂಡಿ ಗೋಡೆ ಒಡೆದ. ಒಳಗೆ ಕಿಟಕಿಯಿಲ್ಲದ ಕೋಣೆ, ಒಂದು ಕಬ್ಬಿಣದ ಮಂಚ, ಮೊಳೆಗೆ ನೇತುಹಾಕಿದ ಸಣ್ಣ ಕನ್ನಡಿ, ಅಷ್ಟೇ. ಇಷ್ಟು ವರ್ಷ ಮುಚ್ಚಿದ್ದ ನೆಲದ ಮೇಲೆ ಧೂಳು ದಪ್ಪಗೆ ಕೂತಿತ್ತು. ಮಂಚದ ಪಕ್ಕದಲ್ಲಿ ಮಾತ್ರ, ಒಬ್ಬರು ಕೂರುವಷ್ಟು ಜಾಗದಲ್ಲಿ, ಧೂಳಿರಲಿಲ್ಲ. ಗೌಂಡಿ ಅದನ್ನು ನೋಡಿ ಬುಟ್ಟಿ ಕೆಳಗಿಟ್ಟು ಹೊರಗೆ ನಿಂತ.

ಮಂಡಿನೋವಿನಿಂದ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದ ಅತ್ತೆ ಗೋಡೆ ಹಿಡಿದುಕೊಂಡು ಮೇಲೆ ಬಂದರು. ಇಟ್ಟಿಗೆ ಚೂರುಗಳನ್ನು ದಾಟಿ ಒಳಗೆ ಹೋಗಿ, ಆ ಖಾಲಿ ಜಾಗದ ಕಡೆ ಮುಖ ಮಾಡಿ ನಿಂತರು.

“ಹೊಳಿ ಇಳದೈತಿ, ತಂಗೀ. ನಿನ್ನ ಗಂಡ ಬಂದಿದ್ದ. ಎತ್ತೂ ಉಳದಾವು. ಅವತ್ತ ನಿನಗ ಹೇಳಾಕ ಆಗಲಿಲ್ಲ.”

ಹೊರಗೆ ಬಸ್ಸೊಂದು ಹಾರ್ನ್ ಹಾಕಿತು. ನಾನು ಅತ್ತೆಯ ತೋಳು ಹಿಡಿದು ಕೆಳಗೆ ಕರೆದುಕೊಂಡು ಬಂದೆ.

ವೈಫೈಯವರು ಆ ಮಧ್ಯಾಹ್ನವೇ ಬಂದು ಎರಡನೇ ಡಬ್ಬಿಯನ್ನು ಆ ಕೋಣೆಯಲ್ಲಿ ಕೂರಿಸಿದರು. ಕಟ್ಟಡದ ನಟ್ಟನಡುವೆ ಅದೇ ಇದ್ದುದರಿಂದ ಎಲ್ಲ ಕಡೆಗೂ ರೇಂಜ್ ಸಿಕ್ಕಿತು. ಅವರು ಕೆಲಸ ಮಾಡುವಷ್ಟು ಹೊತ್ತೂ ನನ್ನ ಗಂಡ ಬಾಗಿಲಲ್ಲಿ ನಿಂತಿರಬೇಕಾಯಿತು. ಕೋಣೆಯನ್ನು ಬಾಡಿಗೆಗೆ ಕೊಡುವುದಿಲ್ಲ. ತೊಳೆದ ಹೊದಿಕೆಗಳನ್ನು ನಾನು ಅಲ್ಲೇ ಮಡಚಿ ಇಡುತ್ತೇನೆ. ಹೆದರಿಕೆ ಆಗುತ್ತದೆಯೇ ಎಂದು ತವರಿನವರು ಕೇಳುತ್ತಾರೆ. ಆಗುತ್ತದೆ. ಆದರೂ ಬಾಗಿಲು ಮುಚ್ಚುವುದಿಲ್ಲ.

ಕೆಲವು ವಾರಗಳ ನಂತರ ವೈಫೈಯವರು ಫೋನ್ ಮಾಡಿದ್ದರು. “ಎಲ್ಲಾ ಖೋಲಿಗೂ ಚಲೋ ಬರತೈತೇನ್ರಿ ಅಕ್ಕಾರ?”

“ಬರತೈತ್ರಿ ಅಣ್ಣಾರ. ಯಾರೂ ತಕರಾರು ಮಾಡಿಲ್ಲ.”

ಅವರು, ಇನ್ನು ಮುಂದೆ ರಿಪೇರಿಗೆ ಬೇರೆಯವರು ಬರುತ್ತಾರೆ, ತಾವು ನರಗುಂದದ ಕಡೆ ಕೆಲಸ ಕೇಳಿ ಪಡೆದಿರುವುದಾಗಿ ಹೇಳಿದರು. ನಾನು ಫೋನಿಟ್ಟು, ಒಣಗಿದ ಹೊದಿಕೆಗಳನ್ನು ಮಡಚಲು ಆ ಕೋಣೆಗೆ ಹೋದೆ.