ಅರಿಯೇತಾ ಬರೆಯದೆ ಬಿಟ್ಟ ಸಾಲು

ದ್ವೀಪಗಳಿಗೆ ಹಡಗು ಓಡಿಸುವ ಸುವಾ ಬಂದರಿನ ಕಂಪನಿಯೊಂದರಲ್ಲಿ ನಾನು ಟಿಕೆಟ್ ಹರಿಯುತ್ತಿದ್ದೆ. ಅರಿಯೇತಾ ಮಹಡಿಯ ಮೇಲೆ ನಿರ್ದೇಶಕರ ಸಭೆಗಳ ನಡಾವಳಿ ಬರೆಯುತ್ತಿದ್ದಳು. ನಲವತ್ತೆರಡನೆಯ ವಯಸ್ಸಿನಲ್ಲಿ ಅವಳಿಗೆ ಓದಿನ ಹುಚ್ಚು ಹತ್ತಿತು. ಕೆಲಸ ಬಿಡದೆಯೇ ವಾಣಿಜ್ಯ ಕಾನೂನಿನ ಸ್ನಾತಕೋತ್ತರ ತರಗತಿಗೆ ಸೇರಿದಳು. ವಾರದಲ್ಲಿ ಎರಡು ಸಂಜೆ, ಶನಿವಾರ ಇಡೀ ದಿನ ಪಾಠ.

ಮಧ್ಯಾಹ್ನ ಬೇಯಿಸಿದ ಮರಗೆಣಸಿನ ಡಬ್ಬಿ ಬಿಚ್ಚಿಕೊಂಡು ನನಗೂ ಪಾಠ ಒಪ್ಪಿಸುತ್ತಿದ್ದಳು.

"ಕಾನೂನಿನ ಲೆಕ್ಕದಲ್ಲಿ ಕಂಪನೀನೂ ಒಬ್ಬ ಮನುಷ್ಯ ಕಣೇ."

"ಹಾಗಾದ್ರೆ ಆ ಮನುಷ್ಯನಿಗೆ ಹೇಳು, ನನ್ನ ಫ್ಯಾನ್ ರಿಪೇರಿ ಮಾಡ್ಸು ಅಂತ."

"ಅವನಿಗೆ ಕೇಳ್ಸಲ್ಲ. ನಡಾವಳಿ ಪುಸ್ತಕದಲ್ಲಿ ಬರೆದ್ರೆ ಮಾತ್ರ ಕೇಳ್ಸಿದ ಹಾಗೆ" ಎಂದು ನಕ್ಕಿದ್ದಳು.

ಜೂನ್ ತಿಂಗಳಲ್ಲಿ 'ಅದಿ ಲೋಮಾನಿ' ಹಡಗಿನ ಕ್ಯಾಪ್ಟನ್ ಇಸಿಕೇಲಿ ತಾನೇ ಮೆಟ್ಟಿಲು ಹತ್ತಿ ಬಂದು ಅವಳ ಕೈಗೆ ಕಾಗದ ಕೊಟ್ಟ. ಲಾರಿ ಹತ್ತಿಸುವ ಹಿಂಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ, ಅಲೆ ಎದ್ದರೆ ನೀರು ಒಳಗೆ ನುಗ್ಗುತ್ತದೆ, ಹಡಗನ್ನು ದುರಸ್ತಿಗೆ ನಿಲ್ಲಿಸಿ ಎಂದು ಬರೆದಿದ್ದ.

"ನಾನು ಹೇಳಿದ್ರೆ ಮುದುಕ ಗೊಣಗ್ತಾನೆ ಅಂತಾರೆ, ತಂಗಿ. ನೀನು ಸಭೇಲಿ ಓದಿ ಹೇಳು."

ಅವಳು ಸಭೆಯಲ್ಲಿ ಅದನ್ನು ಓದಿ ಹೇಳಿದಳು. ಮ್ಯಾನೇಜರ್ ಪಿಕರಿಂಗ್ ಮಾತ್ರ, "ಇದನ್ನ ಮುಂದಿನ ತಿಂಗಳು ನೋಡೋಣ. ಈಗ್ಲೇ ಬರ್ಕೋಬೇಡ" ಎಂದ. ಅವಳ ಪರೀಕ್ಷೆಯ ರಜೆಯ ಅರ್ಜಿ ಅವನ ಮುಂದೆಯೇ ಇತ್ತು.

"ಬೆದರಿಸ್ಲಿಲ್ಲ ಕಣೇ" ಎಂದು ಆಮೇಲೆ ನನಗೆ ಹೇಳಿದಳು. "ಅರ್ಜಿ ಮೇಲೆ ಪೆನ್ ಇಟ್ಟು ನನ್ನ ಮುಖ ನೋಡಿದ್ರು, ಅಷ್ಟೇ. ನಾನು ಬರೀಲಿಲ್ಲ. ಅವ್ರು ಸಹಿ ಹಾಕಿದ್ರು."

ಹನ್ನೊಂದು ದಿನಗಳ ನಂತರ ಒಂದು ಮಧ್ಯಾಹ್ನ, ಕೋರೊ ದ್ವೀಪದ ಹತ್ತಿರ ಹಡಗು ಮುಳುಗಿತು. ಒಂಬತ್ತು ಜನ ಸತ್ತರು. ಇಸಿಕೇಲಿಯ ಹೆಣ ಸಿಗಲೇ ಇಲ್ಲ. ಅದೇ ಹೊತ್ತಿನಲ್ಲಿ ಅರಿಯೇತಾ ಪರೀಕ್ಷೆಯ ಕೊಠಡಿಯಲ್ಲಿ ಕೂತು, ಅಪಾಯ ಗೊತ್ತಾದ ಮೇಲೆ ನಿರ್ದೇಶಕರು ಏನು ಮಾಡಬೇಕು ಎಂಬ ಪ್ರಶ್ನೆಗೆ ನಾಲ್ಕು ಪುಟ ಉತ್ತರ ಬರೆಯುತ್ತಿದ್ದಳು. ಹೊರಗೆ ಬಂದು ಬಸ್ ನಿಲ್ದಾಣದ ರೇಡಿಯೋದಲ್ಲಿ ಸುದ್ದಿ ಕೇಳಿದಳು. ಆ ಪತ್ರಿಕೆಯಲ್ಲಿ ತರಗತಿಗೇ ಹೆಚ್ಚಿನ ಅಂಕ ಅವಳದು. ಅಂಕಪಟ್ಟಿ ಬಂದ ದಿನ ಅದನ್ನು ನನ್ನ ಕೈಗೆ ಕೊಟ್ಟು, "ನೀನೇ ಇಟ್ಕೋ, ನನಗೆ ನೋಡೋಕಾಗಲ್ಲ" ಎಂದಳು.

ಸತ್ತವರಲ್ಲಿ ಯಾರ ಮನೆಗೂ ಹೋಗಕೂಡದು, ಕ್ಷಮೆ ಕೇಳಿದರೆ ತಪ್ಪು ಒಪ್ಪಿಕೊಂಡಂತೆ ಎಂದು ಕಂಪನಿಯ ವಕೀಲರು ನಮಗೆಲ್ಲ ತಾಕೀತು ಮಾಡಿದರು. ವಿಚಾರಣೆ ಶುರುವಾದಾಗ ಪಿಕರಿಂಗ್ ಅಂಥ ಕಾಗದ ಬಂದೇ ಇಲ್ಲ ಎಂದ. ಅರಿಯೇತಾ ಎದ್ದು ನಿಂತು, ತಾನು ಇಟ್ಟುಕೊಂಡಿದ್ದ ಆ ಕಾಗದವನ್ನು ವಿಚಾರಣಾಧಿಕಾರಿಯ ಮುಂದಿಟ್ಟಳು.

"ನಡಾವಳಿಯಲ್ಲಿ ಇದು ಯಾಕಿಲ್ಲ?" ಎಂದು ಅವರು ಕೇಳಿದರು.

"ಬೇಡ ಅಂದ್ರು, ನಾನು ಬರೀಲಿಲ್ಲ. ಬರೀಬೇಕು ಅಂತ ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ನನಗೇ ಗೊತ್ತಿತ್ತು."

ಹೊರಗೆ ಜಗಲಿಯಲ್ಲಿ ಪಿಕರಿಂಗ್ ಅವಳನ್ನು ತಡೆದು, "ನನ್ನ ಮುಳುಗಿಸೋಕೆ ಹೋಗಿ ನೀನೂ ಮುಳುಗಿದೆಯಲ್ಲೇ" ಎಂದ. ಅವಳು ಅವನನ್ನು ದಾಟಿ ಮೆಟ್ಟಿಲಿಳಿದಳು. ಅವಳ ಕೆಲಸ ಹೋಯಿತು. ಪಿಕರಿಂಗ್‌ಗೆ ಏನೂ ಆಗಲಿಲ್ಲ. ನಿರ್ದೇಶಕರು ಕಂಪನಿಯನ್ನೇ ಮುಚ್ಚಿಬಿಟ್ಟರು, ವರ್ಷ ತುಂಬುವುದರೊಳಗೆ ಉಳಿದ ಹಡಗುಗಳು ಬೇರೆ ಹೆಸರಿನಲ್ಲಿ ಓಡತೊಡಗಿದವು.

ಅರಿಯೇತಾ ತನ್ನ ಸೋದರಮಾವನನ್ನು ಕರೆದುಕೊಂಡು, ತಪ್ಪೊಪ್ಪಿಕೊಳ್ಳುವವರು ಕಾಣಿಕೆ ಕೊಡುವ ತಿಮಿಂಗಿಲದ ಹಲ್ಲು ಹಿಡಿದು, ಕ್ಷಮೆ ಬೇಡಲು ಇಸಿಕೇಲಿಯ ಊರಿಗೆ ಹೊರಟಳು. ನಾನೂ ಜೊತೆಗೆ ಹೋದೆ. ಸಭಾಮನೆಯಲ್ಲಿ ಅವಳು ತಲೆ ತಗ್ಗಿಸಿ ಚಾಪೆಯ ಮೇಲೆ ಕೂತಳು. ಮಾವ ಅವಳ ಪರವಾಗಿ ಮಾತಾಡಿದ. ಹಿರಿಯರು ಹಲ್ಲನ್ನು ಸ್ವೀಕರಿಸಿ, ಇಬ್ಬರಿಗೂ ಯಂಗೋನಾ ಬೇರಿನ ಪಾನೀಯದ ಬಟ್ಟಲು ಕೊಟ್ಟರು. ಇಸಿಕೇಲಿಯ ಹೆಂಡತಿ ಉನೈಸಿ ಮಾತ್ರ ಅಲ್ಲಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನಾವು ದೋಣಿ ಹತ್ತುವಾಗ ಆಕೆ ತೀರಕ್ಕೆ ಬಂದಳು. ಎಲೆಯಲ್ಲಿ ಸುತ್ತಿದ ಬೆಂದ ಕೆಸುವಿನ ಗೆಡ್ಡೆಯನ್ನು ಅರಿಯೇತಾಳ ಮಡಿಲಿಗೆ ಹಾಕಿದಳು.

"ದಾರಿಗೆ ಇಟ್ಕೋ. ಊರು ನಿನ್ನ ಕ್ಷಮಿಸ್ತು, ಅದು ಊರಿನ ಮಾತು. ನಾನಿನ್ನೂ ಕ್ಷಮಿಸಿಲ್ಲ. ಇನ್ನು ಬರಬೇಡ."

"ಆಗಲಿ ಅಕ್ಕಾ" ಎಂದಳು ಅರಿಯೇತಾ. ಸುವಾ ಮುಟ್ಟುವವರೆಗೂ ಆ ಎಲೆಯ ಗಂಟನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಪರೀಕ್ಷೆಯಲ್ಲಿ ಉಳಿದಿದ್ದ ಎರಡು ಪತ್ರಿಕೆಗಳನ್ನು ಮುಗಿಸಿದಳು. ಪದವಿ ಪ್ರದಾನಕ್ಕೆ ಹೋಗಲಿಲ್ಲ. ಈಗ ಬಂದರಿನ ಕಾರ್ಮಿಕ ಸಂಘದಲ್ಲಿ ನಾವಿಕರ ದೂರುಗಳನ್ನು ಬರೆದುಕೊಳ್ಳುತ್ತಾಳೆ. ಹೇಳುವವರು ಹೇಳಿ ಮುಗಿಸಿದ ಮೇಲೂ, "ಇನ್ನೇನಾದ್ರೂ ಇದೆಯಾ?" ಎಂದು ಎರಡು ಸಲ, ಮೂರು ಸಲ ಕೇಳುತ್ತಾಳೆ. ಅವರಿಗೆ ಅದು ಕಿರಿಕಿರಿ.