ಹಲಗೆಯಜ್ಜಿಗೆ ಸೀನು ಬರುವುದಿಲ್ಲ

ಈಗ ಹಲಗೆಯಜ್ಜಿ ಎಂದರೆ ಊರಿನ ಯಾವ ಮಗುವಿಗೂ ಗೊತ್ತು. ಬಣ್ಣದ ತೊಟ್ಟಿಯೇ ಇಲ್ಲದ ಬೀದಿಗಳಲ್ಲೂ ಅವಳ ಹೆಸರು ಹೇಳಿ ಮಕ್ಕಳನ್ನು ಮಲಗಿಸುತ್ತಾರೆ. ಯಾವುದೋ ಕಾಲದಲ್ಲಿ ಬಣ್ಣದಲ್ಲಿ ಬೆಂದು ಸತ್ತ ಮುದುಕಿ ಎಂದು ಕೆಲವರು, ಅದಕ್ಕಿಂತ ಹಳಬಳು ಎಂದು ಕೆಲವರು. ಹಾಗೇನಿಲ್ಲ. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಹಿಂಬಾಗಿಲಲ್ಲಿ, ಊಟದ ಬಿಡುವಿನಲ್ಲಿ, ದೊಡ್ಡಮ್ಮ ಅವಳನ್ನು ಹುಟ್ಟಿಸಿದಳು.

ನಿಜಕ್ಕೆ ಅವಳು ದೊಡ್ಡಮ್ಮನಾಗಿದ್ದದ್ದು ತಂಗಿಯ ಮಗಳಿಗೆ ಮಾತ್ರ. ತಂಗಿ ತೀರಿಕೊಂಡ ಮೇಲೆ ಆ ಸಣಕಲು ಹುಡುಗಿಯನ್ನು ಸಾಕಿದವಳು ಅವಳೇ. ಕಡ್ಡಿ ಎಂದು ಕರೆಯುತ್ತಿದ್ದಳು. ಹುಡುಗಿಯ ಬಾಯಿಂದ ಕೇಳಿ ಕೇಳಿ ಬೀದಿಗೆಲ್ಲ ಅವಳು ದೊಡ್ಡಮ್ಮನಾದಳು. ಮೊಣಕೈವರೆಗೂ ನೀಲಿಗಟ್ಟಿದ ಕೈ. ಬಾಯಿ ಜೋರು, ಎದೆ ಮಾತ್ರ ಪುಕ್ಕಲು.

ಪುಕ್ಕಲಿಗೆ ಕಾರಣವಿತ್ತು. ಕಾರ್ಖಾನೆಯ ತೊಟ್ಟಿಗಳನ್ನು ನೆಲದೊಳಗೆ ಹೂತಿದ್ದರು. ಕುದಿಯುವ ಬಣ್ಣ ಆರದಿರಲೆಂದು ಮೇಲೆ ಹಲಗೆ ಮುಚ್ಚುತ್ತಿದ್ದರು. ಆವಿಗೆ ಹಲಗೆ ಅಡಿಯಿಂದ ಮೆತ್ತಗಾಗುತ್ತದೆ. ಮೇಲಿಂದ ನೋಡಿದರೆ ಗಟ್ಟಿಮುಟ್ಟು. ಹೊಸದಾಗಿ ಸೇರಿದ ಕೆಲಸದವಳೊಬ್ಬಳ ಕಾಲು ಹಲಗೆ ಮುರಿದು ಒಳಗಿಳಿದದ್ದನ್ನು ದೊಡ್ಡಮ್ಮ ಕಣ್ಣಾರೆ ಕಂಡಿದ್ದಳು. ಎಳೆದು ತೆಗೆದಾಗ ಚರ್ಮ ಕಾಲುಚೀಲದ ಹಾಗೆ ಕಳಚಿ ಬಂದಿತ್ತು. ಅದೇ ಹಲಗೆಗಳ ಮೇಲೆ ಕೆಲಸದವರ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು.

ಬೈದಳು, ಬೆನ್ನಿಗೆ ಬಾರಿಸಿದಳು. ಅವರು ಹಲ್ಲು ಕಿರಿದು ಮತ್ತೆ ಹತ್ತಿದರು. ಕೊನೆಗೊಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿಕೊಂಡು ದನಿ ತಗ್ಗಿಸಿದಳು. "ಕೆಳಗೆ ಒಬ್ಬಳಿದ್ದಾಳೆ. ಹಲಗೆಯಜ್ಜಿ. ಹೆಜ್ಜೆ ಸಪ್ಪಳ ಕೇಳಿದ್ರೆ ಸಾಕು, ಅಂಗಾಲು ಹಿಡ್ಕೋತಾಳೆ."

ಕೆಲವು ದಿನ ನಡೆಯಿತು. ಭಯ ಹಳಸುತ್ತ ಬಂದಾಗ ಕತೆಗೆ ಇನ್ನಷ್ಟು ಖಾರ ಅರೆದಳು. "ನಿಮ್ಮಮ್ಮನ ದನೀಲೇ ಕರೀತಾಳೆ. ತೊಟ್ಟಿ ಕಡೆಯಿಂದ ಯಾರು ಕರೆದ್ರೂ ಓ ಅನ್ನಬಾರ್ದು. ಹಿಂದಕ್ಕೆ ಸರೀಬೇಕು."

"ನಿಜವಾಗ್ಲೂ ನೀನೇ ಕರೆದ್ರೆ?" ಎಂದಳು ಕಡ್ಡಿ.

ದೊಡ್ಡಮ್ಮ ಮೂಗು ಉಜ್ಜಿಕೊಂಡಳು. "ಅವಳಿಗೆ ಮೂಗಿಲ್ಲ ಕಣೇ, ಆವೀಲಿ ಬೆಂದುಹೋಗಿದೆ. ಸೀನೋಕೆ ಬರಲ್ಲ. ಸೀನಿದ್ರೆ ಮನುಷ್ಯರು ಅಂತ ತಿಳ್ಕೋ."

"ಮಕ್ಕಳನ್ನ ಹೀಗಾ ಹೆದರಿಸೋದು?" ಎಂದು ಮೇಸ್ತ್ರಿ ಗದರಿದ.

"ಕಾಲು ಬೆಂದ್ರೆ ನೀನು ಹೊಸದು ಹೊಲಿದು ಕೊಡ್ತೀಯಾ?"

ಆಮೇಲೆ ಹಲಗೆಗಳ ಮೇಲೆ ಒಂದು ಕಾಲೂ ಬೀಳಲಿಲ್ಲ.

ಅದೊಂದು ದಿನ ನೂಲು ಎತ್ತುವ ಹೊತ್ತು. ಎಲ್ಲ ತೊಟ್ಟಿಗಳ ಹಲಗೆ ತೆಗೆದಿದ್ದರು. ದೊಡ್ಡಮ್ಮನ ಊಟದ ಡಬ್ಬಿ ಹಿಡಿದು ಕಡ್ಡಿ ತೊಟ್ಟಿಗಳ ನಡುವಿನ ದಾರಿಯಲ್ಲಿ ಬರುತ್ತಿದ್ದಳು. ಆವಿಯ ಕೊಳವೆ ಸಿಡಿಯಿತು. ನೋಡನೋಡುತ್ತಿದ್ದಂತೆ ಎಲ್ಲ ಬೆಳ್ಳಗಾಯಿತು. ಚಾಚಿದ ಕೈ ಕೂಡ ಕಾಣದಷ್ಟು.

"ಕಡ್ಡೀ, ಎಲ್ಲಿದ್ದೀಯೇ? ನಿಂತಲ್ಲೇ ನಿಲ್ಲು" ಎಂದು ದೊಡ್ಡಮ್ಮ ದಾರಿಯ ಕೊನೆಯಿಂದ ಕೂಗಿದಳು.

ಡಬ್ಬಿ ಸಣ್ಣಗೆ ಸದ್ದು ಮಾಡಿತು. ಮತ್ತೆ ಕರೆದಳು. ಸದ್ದು ಇನ್ನೂ ದೂರ ಸರಿಯಿತು.

ದೊಡ್ಡಮ್ಮನಿಗೆ ಆಗ ಹೊಳೆಯಿತು. ಮಗು ತಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದೆ. ಕರೆದಷ್ಟೂ ಹಿಂದಕ್ಕೆ ಹೋಗುತ್ತದೆ. ಹಿಂದೆ ಬಾಯಿ ತೆರೆದ ತೊಟ್ಟಿ.

"ಕೂಗು, ಕೂಗ್ತಾನೇ ಇರು" ಎನ್ನುತ್ತಿದ್ದ ಮೇಸ್ತ್ರಿ, ಬಾಗಿಲ ಕಡೆಯಿಂದ.

ಅವಳು ತುಟಿ ಕಚ್ಚಿ ಹಿಡಿದಳು. ಹೆಗಲ ಮೇಲಿದ್ದ ನೂಲಿನ ಎಳೆ ಕಿತ್ತು, ಹೊಸೆದು, ಮೂಗಿನೊಳಗೆ ಹಾಕಿದಳು. ಸೀನು ಬರಲಿಲ್ಲ. ಭಯಕ್ಕೆ ಮೂಗೂ ಸತ್ತುಹೋಗಿತ್ತು. ಇನ್ನೂ ಮೇಲಕ್ಕೆ ಚುಚ್ಚಿದಳು; ರಕ್ತದ ರುಚಿ ಗಂಟಲಿಗಿಳಿಯಿತು. ಕಣ್ಣು ತುಂಬಿ ಬಂತು, ಆಮೇಲೆ ಸೀನು ಬಂತು.

ಬಿಳುಪಿನೊಳಗಿಂದ ತೀರ ಸಣ್ಣ ದನಿ: "ಇನ್ನೊಂದ್ಸಲ."

ಮತ್ತೊಮ್ಮೆ ಸೀನಿದಳು.

"ದೊಡ್ಡಮ್ಮಾ?"

"ಹೂಂ ಕಂದಾ. ಅಲ್ಲೇ ಕೂತ್ಕೋ. ಏನಾದ್ರೂ ಮಾತಾಡ್ತಾ ಇರು."

ದನಿಯ ಜಾಡು ಹಿಡಿದು, ನೆಲ ತಡವುತ್ತ ಅಂಬೆಗಾಲಲ್ಲಿ ಹೋದಳು. ಕೈಗೆ ಮೊದಲು ಡಬ್ಬಿ ಸಿಕ್ಕಿತು, ಆಮೇಲೆ ಲಂಗದ ಅಂಚು. ಕಡ್ಡಿ ಕೂತಿದ್ದು ತೊಟ್ಟಿಯ ಅಂಚಿನ ಮೇಲೆಯೇ.

ಮರುದಿನ ಮಕ್ಕಳನ್ನೆಲ್ಲ ಕರೆದು, "ಹಲಗೆಯಜ್ಜಿ ಅನ್ನೋಳು ಇಲ್ಲವೇ ಇಲ್ಲ, ಅದನ್ನ ಕಟ್ಟಿದ್ದು ನಾನೇ" ಎಂದಳು. ಮಕ್ಕಳು ಮುಖ ಮುಖ ನೋಡಿಕೊಂಡರು. "ಹಲಗೆಯಜ್ಜೀನೂ ಹಾಗೇ ಹೇಳೋದು" ಎಂದು ಒಂದು ಮಗು ಹಿಂದಕ್ಕೆ ಸರಿಯಿತು. ಅವರ ಮುಂದೆಯೂ ಸೀನಿ ತೋರಿಸಬೇಕಾಯಿತು.

ಕತೆ ಅವಳ ಕೈ ಮೀರಿತ್ತು. ಕಾರ್ಖಾನೆ ಮುಚ್ಚಿತು, ತೊಟ್ಟಿಗಳಿಗೆ ಮಣ್ಣು ತುಂಬಿದರು, ಹಲಗೆಯಜ್ಜಿ ಮಾತ್ರ ಬೀದಿಯಿಂದ ಬೀದಿಗೆ ನಡೆದಳು. ಯಾರಾದರೂ ಮಗುವಿಗೆ ಅವಳ ಕತೆ ಹೇಳುವುದು ಕಿವಿಗೆ ಬಿದ್ದರೆ ದೊಡ್ಡಮ್ಮ ಪರಿಚಯವಿರಲಿ, ಇಲ್ಲದಿರಲಿ, ಹೋಗಿ ಕೈ ಹಿಡಿಯುತ್ತಿದ್ದಳು. "ಸೀನಿನ ವಿಷಯ ಬಿಡಬೇಡಮ್ಮಾ. ಅದನ್ನೂ ಹೇಳು." ಅರ್ಧಕ್ಕರ್ಧ ಜನ ಅವಳಿಗೆ ತಲೆ ಕೆಟ್ಟಿದೆ ಎಂದುಕೊಂಡರು.

ಕಡೆಯ ದಿನಗಳಲ್ಲಿ ಹಾಸಿಗೆ ಹಿಡಿದಾಗ ಅವಳು ಯಾರು ಕರೆದರೂ ಓಗೊಡಲಿಲ್ಲ. ಕಿವಿ ಚೆನ್ನಾಗಿಯೇ ಇತ್ತು. ಹತ್ತಿರ ಹೋಗಿ ಕರೆದರೆ ಕಣ್ಣು ಅಗಲವಾಗುತ್ತಿತ್ತು, ಮೈ ಗೋಡೆಯ ಕಡೆಗೆ ಸರಿಯುತ್ತಿತ್ತು. ಡಾಕ್ಟರು ನೆನಪು ಹೋಗಿದೆ ಎಂದರು. ಈಗ ಎರಡು ಮಕ್ಕಳ ತಾಯಿಯಾದ ಕಡ್ಡಿಗೆ ಮಾತ್ರ ವಿಷಯ ತಿಳಿಯಿತು. ಸೆರಗಿನ ಅಂಚಿಂದ ಎಳೆ ಕಿತ್ತು, ಹೊಸೆದು, ಮೂಗಿಗೆ ಹಾಕಿ ಸೀನಿದಳು.

ದೊಡ್ಡಮ್ಮ ಮೆಲ್ಲನೆ ಈಚೆ ತಿರುಗಿದಳು. ತುಟಿ ಅಲುಗಿತು.

"ಇನ್ನೊಂದ್ಸಲ."

ಕಡ್ಡಿ ಮತ್ತೆ ಎಳೆ ಹಾಕಿದಳು. ಆ ಮಾತಿಗೆ ಅಳು ಉಕ್ಕಿ ಮೂಗು ಕಟ್ಟಿಹೋಗಿತ್ತು. ಎಷ್ಟು ಚುಚ್ಚಿದರೂ ಸೀನು ಬರಲೊಲ್ಲದು. ದೊಡ್ಡಮ್ಮ ಅವಳ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು.