ಬೆಳಿಗ್ಗೆ ಹೋಗಿ ಸಂಜೆಗೆ ಬರುವ ಊರುಗಳು

ನನಗೆ ಪ್ರವಾಸಕ್ಕಿಂತ ಪ್ರವಾಸದ ಹಿಂದಿನ ದಿನವೇ ಹೆಚ್ಚು ಇಷ್ಟ. ಹೀಗಂದರೆ ಮನೆಯವರು ನಗುತ್ತಾರೆ. ಆದರೆ ನೀವೇ ಯೋಚಿಸಿ ನೋಡಿ. ಹಿಂದಿನ ದಿನ ಬಿಸಿಲು ಸುಡುವುದಿಲ್ಲ, ಚಪ್ಪಲಿ ಕಿತ್ತುಹೋಗುವುದಿಲ್ಲ, ಯಾರೂ ಕಾಲು ತುಳಿಯುವುದಿಲ್ಲ. ಎಲ್ಲ ಬಸ್ಸುಗಳೂ ಹೊತ್ತಿಗೆ ಸರಿಯಾಗಿ ಬರುತ್ತವೆ, ಎಲ್ಲದರಲ್ಲೂ ನಮಗೆ ಕಿಟಕಿ ಪಕ್ಕದ ಸೀಟೇ ಸಿಗುತ್ತದೆ.

ಈ ಚಟ ಅಪ್ಪನಿಂದ ಬಂದದ್ದು. ತುಮಕೂರಿನ ಶಿರಾ ಗೇಟ್ ಹತ್ತಿರ ನಮ್ಮ ಮನೆ. ಎಪ್ಪತ್ತರ ದಶಕದಲ್ಲಿ ನಮ್ಮಂಥ ಮೇಷ್ಟರ ಮನೆಯವರಿಗೆ ಪ್ರವಾಸವೆಂದರೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದು. ದೇವರಾಯನದುರ್ಗ, ಶಿವಗಂಗೆ, ಇಲ್ಲವೇ ಗುಬ್ಬಿ. ಗುಬ್ಬಿ ಅಮ್ಮನ ತವರು, ಹತ್ತಿ ಕೂರುವಷ್ಟರಲ್ಲಿ ಬಂದುಬಿಡುವ ಊರು. ಅದಕ್ಕೂ ಅಪ್ಪ ಹಿಂದಿನ ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರುಗಳನ್ನು ವಿಚಾರಿಸಿ ಬರುತ್ತಿದ್ದರು. ಒಂದು ಬಸ್ ತಪ್ಪಿದರೆ ಇನ್ನೊಂದು, ಅದೂ ತಪ್ಪಿದರೆ ರೈಲು, ರೈಲೂ ತಪ್ಪಿದರೆ ಗುಬ್ಬಿ ದಾಟಿ ಚೇಳೂರಿನ ಕಡೆಗೆ ಹೋಗುವ ಯಾವುದಾದರೂ ಲಾರಿ. ಅಮ್ಮ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡು, "ಎಲ್ಲಾನೂ ತಪ್ಪಿದ್ರೆ ಮನೇಲೇ ಊಟ ಮಾಡಣ ಬಿಡಿ" ಅನ್ನುತ್ತಿದ್ದಳು.

ನನಗೆ ಅನ್ನಿಸುತ್ತದೆ, ಹೋದ ದಿನವೇ ಮರಳುವ ಈ ಪ್ರವಾಸ ನಮ್ಮ ಮಾತಿನಲ್ಲೇ ಇದೆ. ಹೊಸಿಲು ದಾಟುವಾಗ "ಹೋಗ್ತೀನಿ" ಅಂದರೆ ಹಿರಿಯರು ಗದರಿಸುತ್ತಾರೆ. "ಹೋಗ್ಬರ್ತೀನಿ" ಅನ್ನಬೇಕು. ಹೋಗುವ ಮೊದಲೇ ಬರುವುದನ್ನು ಹೇಳಿಬಿಡುವ ಜನ ನಾವು. ಹಾಗಿದ್ದೂ ನಾನು ಒಮ್ಮೆ ವರ್ಷಗಟ್ಟಲೆ ಬರಲಾಗದ ದೂರಕ್ಕೆ ಹೋದೆ.

ಮದುವೆಯಾದಾಗ ಇವರು, ಅಂದರೆ ನಮ್ಮೆಜಮಾನರು, ತುಮಕೂರಿನ ಪಕ್ಕದ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಕುಣಿಗಲ್ಲಿನವರು. ನೋಡಲು ಬಂದ ದಿನ ಕಾಫಿ ಕುಡಿದು "ಚೆನ್ನಾಗಿದೆ" ಅಂದಿದ್ದರು. ಅದು ಕಾಫಿಗೋ ನನಗೋ ಅಂತ ಇವತ್ತಿಗೂ ಇತ್ಯರ್ಥವಾಗಿಲ್ಲ. ಮಾವನವರು ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಕೆಲಸದಲ್ಲಿದ್ದರು, ಈಗ ಬದುಕಿಲ್ಲ ಅನ್ನುವುದಷ್ಟೇ ನಮಗೆ ಗೊತ್ತಿದ್ದದ್ದು. ಎಂಬತ್ತರ ದಶಕದ ಮೊದಲಲ್ಲಿ ಕಾರ್ಖಾನೆಯವರು ಇವರನ್ನು ತರಬೇತಿಗೆ ಲಂಡನ್ನಿಗೆ ಕಳಿಸಿದರು. ಮದುವೆಯಾಗಿ ಇನ್ನೂ ನೆಟ್ಟಗೆ ಮಾತೇ ಆಡದ ನಾನೂ ಹಿಂದೆ ಹೋದೆ.

ಅಲ್ಲಿ ನಮ್ಮದು ಒಂದು ಮಹಡಿ ಕೋಣೆ. ಇವರು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವರು. ವಾರವೆಲ್ಲ ನನಗೆ ಮಾತಿಗೆ ಸಿಗುತ್ತಿದ್ದುದು ಕಿಟಕಿಯಾಚೆಯ ಪಾರಿವಾಳಗಳು ಮಾತ್ರ. ಆಗ ಅಪ್ಪನ ಚಟ ನನ್ನ ಕೈ ಹಿಡಿಯಿತು. ರೈಲ್ವೆ ಸ್ಟೇಷನ್ನಿನಲ್ಲಿ ಪುಕ್ಕಟೆ ಕೊಡುವ ಕಾಗದಗಳನ್ನೆಲ್ಲ ತಂದು ನೆಲದ ಮೇಲೆ ಹರಡಿ, ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದಾದ ಊರುಗಳನ್ನು ಆರಿಸತೊಡಗಿದೆ. ವಿಂಡ್ಸರ್ ಅರಮನೆ ನಮ್ಮ ದೇವರಾಯನದುರ್ಗವಾಯಿತು, ಆಕ್ಸ್‌ಫರ್ಡ್ ಗುಬ್ಬಿಯಾಯಿತು. ಶನಿವಾರ ಬೆಳಗಾಗುತ್ತಲೇ ಚಿತ್ರಾನ್ನ ಕಲಸಿ ಸ್ಟೀಲ್ ಡಬ್ಬಿಗೆ ತುಂಬುತ್ತಿದ್ದೆ. ರೈಲಿನಲ್ಲಿ ಮುಚ್ಚಳ ತೆಗೆದರೆ ಒಗ್ಗರಣೆಯ ಘಮಕ್ಕೆ ಎದುರಿನವರ ಪೇಪರು ಮೆಲ್ಲಗೆ ಇನ್ನಷ್ಟು ಮೇಲಕ್ಕೇರುತ್ತಿತ್ತು.

ಇವರು ಎಲ್ಲಿಗೆ ಕರೆದರೂ ಬರುತ್ತಿದ್ದರು. ಚೀಲ ಹಿಡಿಯುತ್ತಿದ್ದರು, ನಿಲ್ಲು ಅಂದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹೇಗಿತ್ತು ಅಂದರೆ "ಚೆನ್ನಾಗಿದೆ." ಎಲ್ಲಿಗೆ ಹೋಗೋಣ ಅಂದರೆ "ನಿನ್ನಿಷ್ಟ." ಈ ಎರಡು ಮಾತಿನಲ್ಲಿ ಜನ್ಮವೆಲ್ಲ ಕಳೆಯಬೇಕಲ್ಲ ಅನ್ನುವ ಭಯ ನನಗೆ ನಿಜವಾಗಿಯೂ ಹುಟ್ಟಿತ್ತು. ಬ್ರೈಟನ್ನಿನ ಸಮುದ್ರದ ದಡದಲ್ಲಿ ಅದು ಕಟ್ಟೆಯೊಡೆಯಿತು. ಬದುಕಿನಲ್ಲಿ ಮೊದಲ ಸಲ ಸಮುದ್ರ ನೋಡಿದ ಮನುಷ್ಯ, ಅಲ್ಲೂ "ಚೆನ್ನಾಗಿದೆ" ಅಂದರು.

"ರೀ, ಇನ್ಮೇಲೆ ನಾನು ಎಲ್ಲಿಗೂ ಪ್ಲಾನ್ ಮಾಡಲ್ಲ. ನಿಮಗೆ ಹೋಗ್ಬೇಕು ಅನ್ನಿಸೋ ಊರು ಒಂದಾದ್ರೂ ಇದ್ರೆ ಹೇಳಿ. ಇಲ್ದಿದ್ರೆ ಮನೇಲಿರೋಣ" ಅಂದೆ. ವಾಪಸ್ಸಿನ ರೈಲಿನಲ್ಲಿ ಇಬ್ಬರೂ ತುಟಿ ಬಿಚ್ಚಲಿಲ್ಲ. ನನ್ನ ಮಟ್ಟಿಗೆ ಅದೊಂದು ಸಾಧನೆ.

ಆ ವಾರ ಒಂದು ಸಂಜೆ ಪಾತ್ರೆ ಒರೆಸುತ್ತಾ ನಿಂತಿದ್ದವರು, "ನ್ಯೂಮಾರ್ಕೆಟ್ ಅಂತ ಒಂದೂರಿದೆ" ಅಂದರು.

"ಯಾಕೆ, ತರಕಾರಿ ತರೋಕಾ?" ಅಂದೆ.

"ಅಲ್ಲ. ಅದು ಕುದುರೆಗಳ ಊರು." ಆಮೇಲೆ ಪಾತ್ರೆ ಕೆಳಗಿಟ್ಟು ನಿಧಾನವಾಗಿ ಹೇಳಿದರು. ಮಾವನವರು ಲಾಯದಲ್ಲಿ ಕುದುರೆಗಳ ಮೈ ತಿಕ್ಕಿ, ಮೇವು ಹಾಕಿ ನೋಡಿಕೊಳ್ಳುತ್ತಿದ್ದವರು. ಅವರ ವಶದಲ್ಲಿದ್ದ ಒಂದು ಹೆಣ್ಣು ಕುದುರೆ ಈ ನ್ಯೂಮಾರ್ಕೆಟ್ಟಿನಿಂದ ಹಡಗಿನಲ್ಲಿ ಬಂದದ್ದು. ಅದರ ಇಂಗ್ಲಿಷ್ ಹೆಸರು ಬಾಯಿಗೆ ಹೊರಳದೆ ಮಾವನವರು ಅದನ್ನು ಚೆನ್ನಿ ಅಂತ ಕರೆಯುತ್ತಿದ್ದರು. ಮಗನನ್ನು ಕೂರಿಸಿಕೊಂಡು, "ಇದರ ತವರೂರು ಹೆಂಗೈತೋ ಏನೋ, ಯಾರಾನ ನೋಡ್ಬಂದೋರು ಸಿಕ್ಕಿದ್ರೆ ಕೇಳ್ಬೇಕು ಕಣ್ಲಾ" ಅನ್ನುತ್ತಿದ್ದರಂತೆ. ಇವರು ಕಾಲೇಜಿನಲ್ಲಿದ್ದಾಗಲೇ ಮಾವನವರು ಹೋಗಿಬಿಟ್ಟರು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೋಡ್ಕೊಂಡ್ ಬಂದು ಯಾರಿಗೆ ಹೇಳೋದು? ಕೇಳೋರೇ ಇಲ್ವಲ್ಲ."

"ನನಗೆ ಹೇಳಿ" ಅಂದೆ.

ಆ ಪ್ರವಾಸಕ್ಕೆ ನಾನು ಯಾವ ಏರ್ಪಾಡೂ ಮಾಡಲಿಲ್ಲ, ಅದು ಎದ್ದು ಕಾಣುತ್ತಿತ್ತು. ಕೇಂಬ್ರಿಜ್ಜಿನಲ್ಲಿ ಗಾಡಿ ಬದಲಿಸಬೇಕಿತ್ತು, ತಪ್ಪಾದ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಒಂದು ಗಾಡಿ ಬಿಟ್ಟೆವು. ನ್ಯೂಮಾರ್ಕೆಟ್ ತಲುಪಿದಾಗ ಮಧ್ಯಾಹ್ನ. ಬೆಳಿಗ್ಗೆ ಬೀದಿಯಲ್ಲೇ ಸಾಲುಸಾಲು ಕುದುರೆಗಳು ಓಡಾಡುತ್ತವಂತೆ. ನಾವು ಹೋದಾಗ ಲದ್ದಿ ಮಾತ್ರ ಉಳಿದಿತ್ತು. ದೊಡ್ಡ ದೊಡ್ಡ ಗೇಟುಗಳೆಲ್ಲ ಮುಚ್ಚಿದ್ದವು. ಊರಾಚೆ ರಸ್ತೆಗುಂಟ ನಡೆದೆವು. ಸಣ್ಣಗೆ ತುಂತುರು. ಒಂದು ಕಡೆ ಬೇಲಿಯಾಚೆಯ ಹುಲ್ಲಿನಲ್ಲಿ ಕಂದು ಬಣ್ಣದ ಕುದುರೆಯೊಂದು ನಮಗೆ ಬೆನ್ನು ಮಾಡಿ ಮೇಯುತ್ತಿತ್ತು.

ಇವರು ಚೀಲ ನನ್ನ ಕೈಗೆ ಕೊಟ್ಟು ಬೇಲಿಯ ಹತ್ತಿರ ಹೋದರು. ನಾಲಿಗೆಯಲ್ಲಿ ಟಕ್ ಟಕ್ ಅಂತ ಸದ್ದು ಮಾಡಿ, "ಬಾರವ್ವ, ಬಾ" ಅಂದರು. ಅದು ಕಿವಿ ತಿರುಗಿಸಿತು. ಮತ್ತೊಮ್ಮೆ ಕರೆದರು. ಅದು ನಿಧಾನವಾಗಿ ಬಂದು ಬೇಲಿಯ ಮೇಲಿಂದ ಕತ್ತು ಚಾಚಿ ಇವರ ಕೋಟು ಮೂಸಿತು. ಇವರು ಅದರ ಹಣೆ ಸವರುತ್ತಾ ಕುಣಿಗಲ್ಲಿನ ಮಾತಿನಲ್ಲಿ ಏನೇನೋ ಹೇಳುತ್ತಲೇ ಇದ್ದರು. ಮದುವೆಯಾದಂದಿನಿಂದ ನನಗೆ ಆಡಿದ್ದಕ್ಕಿಂತ ಹೆಚ್ಚು ಮಾತು ಆ ಕುದುರೆಗೆ ಆಡಿದರು. ಹೊಟ್ಟೆಕಿಚ್ಚಾಗಬೇಕಿತ್ತು. ಆಗಲಿಲ್ಲ.

ಅಷ್ಟರಲ್ಲಿ ರಬ್ಬರ್ ಬೂಟು ಹಾಕಿಕೊಂಡ ಒಬ್ಬ ಮುದುಕ ಬಂದು ಏನು ಬೇಕಿತ್ತು ಅಂತ ಇಂಗ್ಲಿಷಿನಲ್ಲಿ ಕೇಳಿದ. ಇವರು ಕೈ ತೆಗೆದು ನೆಟ್ಟಗೆ ನಿಂತು, ನಮ್ಮಪ್ಪ ಇಂಡಿಯಾದಲ್ಲಿ ಕುದುರೆ ಲಾಯದ ಕೆಲಸದವರು, ಈ ಊರಿನ ಕುದುರೆಯೊಂದನ್ನು ಸಾಕಿದ್ದರು ಅಂದರು. ಮುದುಕ ಅದರ ಹೆಸರು ಕೇಳಿದ. "ಚೆನ್ನಿ" ಅಂದರು. ಮುದುಕ "ಚೆನ್ನಿ, ಚೆನ್ನಿ" ಅಂತ ಎರಡು ಸಲ ಹೇಳಿಕೊಂಡು, ತನಗೆ ಗೊತ್ತಿರುವವಳ ಹೆಸರು ಕೇಳಿದ ಹಾಗೆ ತಲೆಯಾಡಿಸಿ, ಗೇಟು ತೆಗೆದು ನಮ್ಮನ್ನು ಒಳಗೆ ಕರೆದುಕೊಂಡು ಹೋದ. ಲಾಯ ತೋರಿಸಿದ, ಮರಿಗಳನ್ನು ತೋರಿಸಿದ, ಟೀ ಕೊಟ್ಟ. ನಾನು ಚಿತ್ರಾನ್ನ ಕೊಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಿಡದೆ ತಿಂದ.

ವಾಪಸ್ ಬರುವಾಗ ಲಂಡನ್ ಮುಟ್ಟುವವರೆಗೂ ಇವರು ಮಾತಾಡಿದರು. ಲಾಯದ ವಾಸನೆ, ಅಪ್ಪನ ಹೆಗಲು, ಚೆನ್ನಿ ಮರಿ ಹಾಕಿದ ದಿನ ಮನೆಯಲ್ಲಿ ಪಾಯಸ ಮಾಡಿದ್ದು. ಎದುರಿನವರ ಪೇಪರು ಮೇಲಕ್ಕೇರಿತು, ಈ ಸಲ ಒಗ್ಗರಣೆಯ ಕಾರಣಕ್ಕಲ್ಲ. "ಸ್ವಲ್ಪ ಮೆತ್ತಗೆ" ಅಂತ ನಾನೇ ಹೇಳಬೇಕಾಯಿತು. ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಅನ್ನಿಸಿತು. ಪುಣ್ಯಕ್ಕೆ ಇವರಿಗೆ ಅದು ಕೇಳಿಸಿರಲಿಲ್ಲ.

ಊರಿಗೆ ಮರಳಿದ ಮೇಲೆ ಒಂದು ಭಾನುವಾರ ತುಮಕೂರಿನಿಂದ ಕುಣಿಗಲ್ಲಿಗೆ ಹೋದೆವು. ಏರ್ಪಾಡೆಲ್ಲ ಇವರದೇ. ಬಸ್ ಕೆಟ್ಟು ದಾರಿಯಲ್ಲಿ ನಿಂತಿತು. ನಾನು ಬಾಯಿ ತೆರೆಯಲಿಲ್ಲ. ಅತ್ತೆ ಬಾಗಿಲಲ್ಲೇ ಕಾದಿದ್ದರು. ಊಟಕ್ಕೆ ಕೂತಾಗ ಇವರು ಶುರು ಮಾಡಿದರು. ಚೆನ್ನಿಯ ಊರು ಹೇಗಿದೆ, ಅಲ್ಲಿನ ಹುಲ್ಲು ಎಂಥದ್ದು, ಮಳೆ ಹೇಗೆ ಸದ್ದಿಲ್ಲದೆ ಬರುತ್ತದೆ, ಮುದುಕ ಅಪ್ಪನ ಬಗ್ಗೆ ಏನೇನು ಕೇಳಿದ. ಮುದ್ದೆ ಆರಿಹೋಯಿತು. ಅತ್ತೆ ಮಗನ ಮುಖವನ್ನೇ ನೋಡುತ್ತಾ ಕೂತಿದ್ದರು.

ಕೈ ತೊಳೆಯಲು ಇವರು ಎದ್ದು ಹೋದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಲಂಡನ್ನು ಹೆಂಗಾನ ಇರ್ಲಿ ಕಣವ್ವ. ನನ್ ಮಗ ಮಾತಾಡೋದ್ ಕಲ್ತ್ಕೊಂಡ್ ಬಂದವ್ನೆ. ಅಷ್ಟ್ ದೂರ ಹೋಗಿದ್ದು ದಂಡ ಆಗ್ಲಿಲ್ಲ ಬುಡು."